ಕೆಂಪಾಗದ ಬಾನಿ

ನಮ್ಮ ಊರಿನಲ್ಲಿ ಬದನೆಕಾಯಿ ಹೆಚ್ಚುವವರು ಹರಟೆ ಹೊಡೆಯುವುದಿಲ್ಲ. ಹರಟುತ್ತ ಕೂತರೆ ಹೋಳು ಬಾಣಲೆಗೆ ಬೀಳುವ ಮೊದಲೇ ಕಪ್ಪಾಗಿರುತ್ತದೆ. ಬೆಳಿಗ್ಗೆ ಗಾಣದಿಂದ ತಂದ ಎಣ್ಣೆ ಸಂಜೆಯ ಒಗ್ಗರಣೆಯ ಹೊತ್ತಿಗೆ ಕಮಟು ಹೊಡೆಯುತ್ತದೆ. ಒರೆಸದೆ ಬಿಟ್ಟ ಈಳಿಗೆಮಣೆ ಮರುದಿನ ಇಟ್ಟಿಗೆಯ ಬಣ್ಣಕ್ಕೆ ತಿರುಗಿರುತ್ತದೆ. ಮದುವೆಯ ಫೋಟೊವನ್ನು ಮೊದಲ ಮಗುವಿನ ನಾಮಕರಣದ ದಿನ ಇನ್ನೊಮ್ಮೆ ತೆಗೆಸಬೇಕು. ಅಷ್ಟರಲ್ಲಿ ಗಂಡು ಯಾರು, ಹೆಣ್ಣು ಯಾರು ಎಂದು ತಿಳಿಯದಷ್ಟು ಮಾಸಿರುತ್ತದೆ. ಇಂಥ ಊರಿನಲ್ಲಿ ಸಾಣೆ ಹಿಡಿಯುವವನಿಗೆ ಕೆಲಸಕ್ಕೇನು ಕೊರತೆ? ಬೇರೆ ಕಡೆ ಮೇಷ್ಟ್ರನ್ನೋ ಗುಮಾಸ್ತನನ್ನೋ ಹುಡುಕಿ ಹೆಣ್ಣು ಕೊಡುತ್ತಾರಂತೆ. ನಮ್ಮಪ್ಪ ಸಾಣೆಯ ಚಂದ್ರಯ್ಯನನ್ನು ಹುಡುಕಿ ನನ್ನನ್ನು ಕೊಟ್ಟ. ಬೀದಿಯ ಹೆಂಗಸರೆಲ್ಲ ಹೊಟ್ಟೆ ಉರಿದುಕೊಂಡರು.

ನಮ್ಮೂರಿನ ಗಾಳಿ ಪಾತ್ರೆಪಗಡವನ್ನು ತಿಂದು ಸುಮ್ಮನಾಗುವುದಿಲ್ಲ, ಮನುಷ್ಯರನ್ನೂ ಬಿಡುವುದಿಲ್ಲ. ಅದು ಶುರುವಾಗುವುದು ಕಣ್ಣಿನಿಂದ. ಮೊದಲು ಲೋಕವೆಲ್ಲ ತೆಳ್ಳನೆಯ ಚಹಾದೊಳಗಿಂದ ನೋಡಿದ ಹಾಗೆ ಕಾಣುತ್ತದೆ. ಆಮೇಲೆ ಗಟ್ಟಿ ಡಿಕಾಕ್ಷನ್‌ನೊಳಗಿಂದ. ಆಮೇಲೆ ಕಾಣುವುದೇ ಇಲ್ಲ. ಹಾಗಾಗದಂತೆ ನಮ್ಮನ್ನು ಕಾಯುವುದು ಬಾನಿಯ ಕೆಂಪು. ಪ್ರತಿ ಮನೆಯಲ್ಲೂ ಅಗಲ ಬಾಯಿಯ ಒಂದು ಮಣ್ಣಿನ ಬಾನಿ, ಅದರಲ್ಲಿ ನೀರು, ನೀರಿನಲ್ಲಿ ಪಾಚಿ. ವರ್ಷವೆಲ್ಲ ಅದಕ್ಕೆ ತೆಳ್ಳಗೆ ಗಂಜಲದ ನೀರು, ಚಿಟಿಕೆ ಬೂದಿ ಹಾಕಿ ನೆರಳಿನಲ್ಲಿಟ್ಟು ಸಾಕುತ್ತೇವೆ. ಹೊಟ್ಟೆ ತುಂಬಿರುವವರೆಗೆ ಪಾಚಿ ಹಸಿರು. ಕಡುಬೇಸಿಗೆಯಲ್ಲಿ ಮೇವು ನಿಲ್ಲಿಸಿ, ಮಾಳಿಗೆಯ ಬಿಸಿಲಿಗೆ ಇಟ್ಟರೆ, ಅದು ತನ್ನ ಜೀವ ಉಳಿಸಿಕೊಳ್ಳಲು ಒಳಗೊಳಗೇ ಕೆಂಪು ಕಟ್ಟಿಕೊಳ್ಳುತ್ತದೆ. ಆ ಕೆಂಪನ್ನೇ ನಾವು ಸೋಸಿ, ಎಣ್ಣೆಯಲ್ಲಿ ಕದಡಿ ಕುಡಿಯುತ್ತೇವೆ. ಒಮ್ಮೆ ಪಟ್ಟಣದಿಂದ ಕನ್ನಡಕದ ಹುಡುಗಿಯೊಬ್ಬಳು ಬಂದು ಒಂದು ಸೀಸೆಯಷ್ಟು ತೆಗೆದುಕೊಂಡು ಹೋಗಿ ನೋಡಿ, ಇದು ಸೂಕ್ಷ್ಮಜೀವಿ, ಇದರ ಕೆಂಪಿನಲ್ಲಿ ಒಳ್ಳೆಯ ಆಂಟಿಆಕ್ಸಿಡೆಂಟ್ ಇದೆ ಎಂದು ತಿಳಿಸಿದಳು. ನಮಗೂ ಸಂತೋಷವಾಯಿತು. ಇಷ್ಟು ವರ್ಷ ಮನೆಯಲ್ಲೇ ಇದ್ದದ್ದಕ್ಕೆ ಒಂದು ದೊಡ್ಡ ಹೆಸರಿದೆಯೆಂದು ಗೊತ್ತಾದರೆ ಯಾರಿಗೆ ಸಂತೋಷವಿಲ್ಲ? ಊಟ ಹಾಕಿ ಕಳಿಸಿದೆವು.

ಆದರೆ ಒಂದು ಕಷ್ಟವಿದೆ. ವರ್ಷವೆಲ್ಲ ಉಣಿಸಿದ ಕೈ ತಾನೇ ಉಪವಾಸ ಕೆಡವಲಾರದು. ಬಿಸಿಲಲ್ಲಿ ಬಾಡುತ್ತಿರುವ ಪಾಚಿಯನ್ನು ನೋಡಿದ ಹೆಂಗಸು ಅಯ್ಯೋ ಪಾಪ ಎಂದು ಒಂದು ಹನಿ ಗಂಜಲದ ನೀರು ಬಿಟ್ಟೇ ಬಿಡುತ್ತಾಳೆ. ಅಷ್ಟು ಸಾಕು, ಅದು ಮತ್ತೆ ಹಸಿರಾಗಿ ನಗುತ್ತ ಕೂರುತ್ತದೆ. ಅದಕ್ಕೇ ನಮ್ಮಲ್ಲಿ ಬಾನಿ ಬದಲಿ ಮಾಡುವ ಪದ್ಧತಿ. ಬೀದಿಗೆ ಹಿರಿಯಳಾದ ಮರುಳಮ್ಮಜ್ಜಿ ಮೊರ ಹಿಡಿದು ಕೂರುತ್ತಾಳೆ. ಮನೆಮನೆಯವರೂ ತಮ್ಮದೊಂದು ಗುರುತನ್ನು ಮೊರಕ್ಕೆ ಹಾಕುತ್ತಾರೆ. ನಾವು ಸಾಣೆಕಲ್ಲಿನ ಚೂರು ಹಾಕುತ್ತೇವೆ. ಅಜ್ಜಿ ಕಣ್ಣು ಮುಚ್ಚಿ ಎರಡೆರಡು ಎತ್ತುತ್ತಾಳೆ. ಜೋಡಿಯಾಗಿ ಬಂದ ಮನೆಗಳು ಬಾನಿ ಬದಲಾಯಿಸಿಕೊಂಡು, ಇವರದನ್ನು ಅವರು, ಅವರದನ್ನು ಇವರು ಉಪವಾಸ ಕೆಡವುತ್ತಾರೆ. ಕೆಂಪಾಗುವವರೆಗೆ ನಮ್ಮ ಬಾನಿಯನ್ನು ನಾವು ನೋಡುವ ಹಾಗಿಲ್ಲ. ಪರರ ಪಾಚಿಯ ಮೇಲೆ ಮನುಷ್ಯನಿಗೆ ಕರುಣೆ ಕಡಿಮೆ. ಇದು ಹೆಮ್ಮೆಯ ಮಾತಲ್ಲ, ಆದರೆ ಊರಿನ ಕಣ್ಣು ಉಳಿದಿರುವುದು ಅದರಿಂದಲೇ.

ಹೋದ ವರ್ಷ ನಮ್ಮ ಬಾನಿ ಕೆಂಪಾದ ಮೇಲೆ ಜೋಡಿ ಮನೆಯ ಮಾಳಿಗೆಯಿಂದ ಇಳಿಸುವಾಗ ಮೆಟ್ಟಿಲಲ್ಲೇ ಒಡೆದುಹೋಯಿತು. ಅಕ್ಕಪಕ್ಕದವರು ಚಿಟಿಕೆ ಚಿಟಿಕೆ ಕೊಟ್ಟದ್ದು ಒಬ್ಬರಿಗೆ ಸಾಕಾಗುವಷ್ಟಾಗಿತ್ತು. ಅದನ್ನೇ ಇಬ್ಬರಿಗೂ ಹಂಚಿ ಬೆಳಗಿನ ಲೋಟಗಳಿಗೆ ಹಾಕುತ್ತಿದ್ದೆ. ಚಂದ್ರಯ್ಯ ತನ್ನ ಲೋಟದ್ದನ್ನು ನಾನು ಬೆನ್ನು ತಿರುಗಿಸಿದಾಗ ನನ್ನ ಲೋಟಕ್ಕೆ ಸುರಿದು, ಬಾಯಿ ಒರೆಸಿಕೊಂಡು ಎದ್ದು ಹೋಗುತ್ತಿದ್ದ. ಇದು ನನಗೆ ತಿಳಿದದ್ದು ಚಳಿಗಾಲದಲ್ಲಿ, ಅವನು ಅರಿಶಿನದ ಡಬ್ಬಿಯನ್ನೂ ಉಪ್ಪಿನ ಡಬ್ಬಿಯನ್ನೂ ಎದುರಿಗಿಟ್ಟುಕೊಂಡು ಯಾವುದು ಯಾವುದೆಂದು ಮೂಸಿ ನೋಡುತ್ತಿದ್ದಾಗ. ಬೈದೆ, ಅತ್ತೆ, ಮತ್ತೆ ಬೈದೆ. ಅವನು "ನಿನ್ನ ಕಣ್ಣು ಚೆನ್ನಾಗಿದ್ರೆ ನಂಗೆ ದಾರಿ ತೋರಿಸ್ತೀಯ. ನನ್ನ ಕಣ್ಣು ಚೆನ್ನಾಗಿದ್ರೆ ನಾನು ನಿನ್ನ ಮಾತು ಕೇಳ್ತೀನಾ?" ಎಂದು ನಕ್ಕ. ಅವನಿಗೆ ಲೋಕ ಆಗಲೇ ಚಹಾ ದಾಟಿ ಡಿಕಾಕ್ಷನ್ ಆಗುತ್ತಿತ್ತು. ಈ ಬೇಸಿಗೆಯಲ್ಲೂ ಕೆಂಪು ಸಿಗದಿದ್ದರೆ ಮುಂದಿನದು ಕತ್ತಲೆ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಮೊದಲ ಮಳೆ ಬಿದ್ದರೆ ಬಿಸಿಲು ಹೋಯಿತು, ಬಿಸಿಲು ಹೋದರೆ ಆ ವರ್ಷದ ಕೆಂಪು ಹೋಯಿತು.

ಅಂಥ ವರ್ಷವೇ ಮರುಳಮ್ಮಜ್ಜಿಯ ಕೈಗೆ ನಮ್ಮ ಸಾಣೆಕಲ್ಲಿನ ಚೂರಿನ ಜೊತೆ ಒಂದು ಜೋಳದ ಕಾಳು ಬಂತು. ಜೋಳದ ಕಾಳು ಹಿಟ್ಟಿನ ಗಿರಣಿಯ ಉಮಾಪತಿಯ ಮನೆಯದು. ಉಮಾಪತಿ ತಡವಾಗಿ ಮದುವೆಯಾಗಿ, ದೂರದ ಕಡಲ ಕಡೆಯಿಂದ ಇಂದುಮತಿ ಎಂಬವಳನ್ನು ಕರೆದುಕೊಂಡು ಬಂದಿದ್ದ. ಬಂದು ಒಂದು ವರ್ಷವೂ ಆಗಿರಲಿಲ್ಲ. ಇಂದುಮತಿ ಎಂಥವಳೆಂದರೆ, ಗಿರಣಿಯ ಇಲಿಗಳಿಗೆ ಬೋನು ಇಡಲು ಬಿಡದೆ ಅವುಗಳಿಗೆಂದೇ ಮೂಲೆಯಲ್ಲಿ ನುಚ್ಚು ಚೆಲ್ಲುತ್ತಿದ್ದಳು. ಬಾಗಿಲಿಗೆ ಬಂದ ನಾಯಿಗೆ ರೊಟ್ಟಿ ಹಾಕಿ, ಅದರ ಪಕ್ಕದ ನಾಯಿಗೂ ಹಾಕಿ, ಗಂಡನಿಗೆ ಹೊಸದಾಗಿ ತಟ್ಟಲು ಕೂರುತ್ತಿದ್ದಳು. ಇಂಥವಳ ಕೈಗೆ ನಮ್ಮ ಪಾಚಿ! ಅಜ್ಜಿಯನ್ನು ಪಕ್ಕಕ್ಕೆ ಕರೆದು, "ಇನ್ನೊಂದ್ಸಲ ಎತ್ತಜ್ಜಿ, ಯಾರಿಗೂ ಗೊತ್ತಾಗಲ್ಲ" ಎಂದೆ. "ಮೊರಕ್ಕೆ ಗೊತ್ತಾಗ್ತದೆ, ನಡಿಯೇ" ಎಂದು ಗದರಿಸಿದಳು.

ಗಿರಣಿಯವರ ಬಾನಿ ನಮ್ಮ ಮಾಳಿಗೆಗೆ ಬಂತು. ನಾನು ಅದಕ್ಕೆ ಒಂದು ಹನಿಯೂ ಹಾಕಲಿಲ್ಲ. ಬಿಸಿಲು ಏರಿದಂತೆ ಅದು ಕಂದಾಯಿತು, ಆಮೇಲೆ ತಾಮ್ರದ ಬಣ್ಣವಾಯಿತು, ಆಮೇಲೆ ಕುಂಕುಮ ಕಲಸಿದ ಹಾಗೆ ಕೆಂಪಗೆ ನಿಂತಿತು. ಬೀದಿಯ ಮಾಳಿಗೆಗಳೆಲ್ಲ ಒಂದೊಂದಾಗಿ ಕೆಂಪಾದವು. ಪ್ರತಿಯೊಬ್ಬರೂ ಬಾನಿ ಹಿಂತಿರುಗಿಸಿ ಬೆಲ್ಲ ಹಂಚಿದರು. ನಮ್ಮ ಮನೆಗೆ ಬೆಲ್ಲ ಬಂತು, ಬಾನಿ ಬರಲಿಲ್ಲ. ಮರುಳಮ್ಮಜ್ಜಿಯ ಮಾಳಿಗೆ ಬೀದಿಯಲ್ಲೇ ಎತ್ತರದ್ದು, ಅಲ್ಲಿಂದ ಎಲ್ಲರ ಬಾನಿಯೂ ಕಾಣುತ್ತದೆ. ಅಜ್ಜಿ ಒಂದು ದಿನ ಎಲೆಯಡಿಕೆ ಉಗಿದು ಬಂದು ನನ್ನ ಪಕ್ಕ ಕೂತಳು. "ವನಜಾ, ನಿಮ್ದು ಇನ್ನೂ ಪಚ್ಚೆ ಹಸಿರು ಕಣೇ. ಎಮ್ಮೆ ಮೈ ತೊಳೆಯೋ ಕೆರೆ ಇದ್ದ ಹಾಗಿದೆ." ಹೊರಗೆ ಪಡುವಣದಲ್ಲಿ ಮೋಡದ ಅಂಚು ಕಾಣಿಸಲು ಶುರುವಾಗಿತ್ತು.

ಸೆರಗು ಸಿಕ್ಕಿಸಿಕೊಂಡು ಗಿರಣಿ ಮನೆಗೆ ಹೋದೆ. ದಾರಿಯುದ್ದಕ್ಕೂ ಏನೇನು ಬೈಯಬೇಕೆಂದು ಜೋಡಿಸಿಕೊಂಡಿದ್ದೆ. ಆದರೆ ಇಂದುಮತಿ ಬಾಗಿಲಲ್ಲೇ ನನ್ನ ಕೈ ಹಿಡಿದು ಅಳತೊಡಗಿದಳು. "ನಾನೊಂದು ಹನಿ ಹಾಕ್ಲಿಲ್ಲ ಅಕ್ಕ. ನಂಗೇ ನನ್ನ ಮೇಲೆ ನಂಬಿಕೆ ಇಲ್ಲದೆ ಏಣಿ ತಕ್ಕೊಂಡು ಹೋಗಿ ಅಜ್ಜಿ ಮನೆಯಲ್ಲಿ ಇಟ್ಟು ಬಂದಿದ್ದೇನೆ. ಹತ್ತುದೇ ಬೇಡ ಅಂತ. ಮತ್ತೂ ಅದು ಕೆಂಪಾಗುದಿಲ್ಲ. ನನ್ನ ದೃಷ್ಟಿಯೇ ತಾಗ್ತದೋ ಏನೋ, ದೂರದಿಂದ ಪಾಪ ಅಂತ ನೋಡಿದ್ದಕ್ಕೇ ಅದಕ್ಕೆ ಹೊಟ್ಟೆ ತುಂಬ್ತದೋ ಏನೋ." ಏಣಿ ಅಜ್ಜಿಯ ಮನೆಯ ಗೋಡೆಗೆ ಒರಗಿದ್ದುದನ್ನು ನಾನೇ ಕಂಡಿದ್ದೆ, ಯಾರದೋ ಎಂದುಕೊಂಡಿದ್ದೆ. ಜೋಡಿಸಿಕೊಂಡ ಬೈಗುಳವೆಲ್ಲ ಬಾಯಲ್ಲೇ ಉಳಿಯಿತು. ನಾನೂ ಅವಳ ಪಕ್ಕ ಕೂತು ಅತ್ತೆ. ಅತ್ತು ಮುಗಿದ ಮೇಲೆ ಇಬ್ಬರಿಗೂ ಒಂದೇ ಪ್ರಶ್ನೆ ಹುಟ್ಟಿತು. ಇವಳು ಹತ್ತದಿದ್ದರೆ, ಹತ್ತುತ್ತಿರುವವರು ಯಾರು?

ಅಜ್ಜಿಯ ಮಾಳಿಗೆಯ ಮೇಲೆ ಒಣಹಾಕಿದ ಚಾಪೆಯ ಮರೆಯಲ್ಲಿ ನಾವು ಮೂವರೂ ಕೂತೆವು. ನಡುಮಧ್ಯಾಹ್ನ. ಊರೆಲ್ಲ ಬಾಗಿಲು ಹಾಕಿಕೊಂಡು ಮಲಗಿತ್ತು. ಗಿರಣಿಯ ಹಿಂಗೋಡೆಯ ಕಡೆ ಏನೋ ಕೆರೆದ ಸದ್ದಾಯಿತು. ಗೋಡೆಯಿಂದ ಚಾಚಿಕೊಂಡ ಕಲ್ಲುಗಳನ್ನು ಕಾಲಿನಿಂದ ತಡವಿಕೊಂಡು, ಒಂದೊಂದಾಗಿ ಮೆಟ್ಟುತ್ತ, ಮಾಳಿಗೆಯ ಅಂಚಿನಲ್ಲಿ ಮೊದಲು ಒಂದು ರುಮಾಲು, ಆಮೇಲೆ ಒಂದು ಮುಖ ಎದ್ದಿತು. ನನ್ನ ಗಂಡನ ಮುಖ. ಗಿರಣಿಯ ಬೀಸುಕಲ್ಲನ್ನು ಕಟೆಯಲು ಹೋಗುತ್ತೇನೆಂದು ಮೂರು ಹೊತ್ತೂ ಅಲ್ಲಿಗೆ ಹೋಗುತ್ತಿದ್ದವನು ಕಟೆಯುತ್ತಿದ್ದುದು ಇದನ್ನು! ಬಾಯಲ್ಲಿ ಕಚ್ಚಿಕೊಂಡಿದ್ದುದು ಸಾಣೆಕಲ್ಲಿಗೆ ನೀರು ತೊಟ್ಟಿಕ್ಕಿಸುವ ಅವನ ಡಬ್ಬಿ. ಬಾನಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು, ಮುಖ ನೀರಿಗೆ ತಾಗುವಷ್ಟು ಬಗ್ಗಿ ನೋಡಿ, ಡಬ್ಬಿಯಿಂದ ಗಂಜಲದ ನೀರನ್ನು ಹನಿಹನಿಯಾಗಿ ಬಿಡುತ್ತ, "ತಗೋ ತಾಯಿ, ತಗೋ. ಆ ಹುಡುಗಿ ನಿನ್ನ ಮರೆತೇ ಬಿಟ್ಟಿದಾಳೆ" ಎಂದು ಮಾತಾಡಿಸುತ್ತಿದ್ದ.

"ರೀ!" ಎಂದು ನಾನು ಕೂಗಿದ ಸದ್ದಿಗೆ ಮಲಗಿದ್ದ ಬೀದಿ ಎದ್ದಿತು. ಅವನು ಬೆಚ್ಚಿ ಬೀಳದೆ ಇದ್ದದ್ದು ನನ್ನ ಪುಣ್ಯ. ಅಜ್ಜಿಯ ಮನೆಯಿಂದ ಏಣಿ ತಂದು, ಹಾಕಿ, ಅವನನ್ನು ಕೈಹಿಡಿದು ಇಳಿಸಿಕೊಂಡೆವು. "ಏನ್ರೀ ಇದು? ನಿಮ್ಮ ಕಣ್ಣಿಗೆ ನೀವೇ ಮಣ್ಣು ಹಾಕ್ಕೊಳ್ತೀರಲ್ಲ!" ಎಂದೆ. ಅವನು ನನಗಿಂತ ಜೋರಾಗಿ, "ಮತ್ತೇನು ಸಾಯೋಕೆ ಬಿಡ್ಲಾ? ಅದು ಸುಟ್ಟು ಹೋಗಿತ್ತು ಕಣೇ. ಕಂದು ಕಂದು ಆಗಿ ಕರಕಲಾಗಿತ್ತು. ಪೂರ್ತಿ ಸತ್ತೇ ಹೋದ್ರೆ ಎಲ್ಲಿಂದ ಬರ್ತದೆ ಕೆಂಪು?" ಎಂದ. ಇಂದುಮತಿ ಮೆಲ್ಲಗೆ, "ಅಣ್ಣ, ನನ್ನ ಈ ಸೀರೆ ಯಾವ ಬಣ್ಣ?" ಎಂದು ಕೇಳಿದಳು. "ಕಂದು" ಎಂದ. ಅವಳು ಉಟ್ಟಿದ್ದುದು ಗಿಳಿ ಹಸಿರು ಸೀರೆ. ಅಜ್ಜಿ, "ಹಸಿರು ಕಣಪ್ಪ ಅದು" ಎಂದಳು. ಅವನಿಗೆ ಅರ್ಥವಾಯಿತು. ಎಲ್ಲ ಹಸಿರೂ ಅವನಿಗೆ ಕಂದಾಗಿ ಕಾಣುತ್ತಿತ್ತು. ದಿನವೂ ಹಸಿರಾಗಿಯೇ ಇದ್ದ ಪಾಚಿಯನ್ನು ಸುಟ್ಟುಹೋಗಿದೆಯೆಂದು ನಂಬಿ ದಿನವೂ ಉಣಿಸಿ ಬಂದಿದ್ದ. ಜಗಲಿಯ ಮೇಲೆ ಕುಸಿದು ಕೂತು ಡಬ್ಬಿಯನ್ನು ಕೈಯಲ್ಲಿ ತಿರುಗಿಸುತ್ತ, "ಹಾಗಾದ್ರೆ ನಾನೇ ಕೆಡಿಸ್ದೆ" ಎಂದ. ಇಷ್ಟು ವರ್ಷದಲ್ಲಿ ಅವನು ಸೋತ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಪಕ್ಕ ಕೂತು ಅವನ ಕೈಯಿಂದ ಡಬ್ಬಿ ತೆಗೆದುಕೊಂಡೆ.

ಅಜ್ಜಿ ಹಣೆಗೆ ಕೈ ಅಡ್ಡ ಹಿಡಿದು ಪಡುವಣ ನೋಡಿದಳು. ಮೋಡ ಗುಡ್ಡದ ತಲೆಯವರೆಗೆ ಬಂದಿತ್ತು. "ಹೊಟ್ಟೆ ತುಂಬ ತಿಂದಿರೋ ಪಾಚಿ. ಇನ್ನು ಉಪವಾಸ ಕೆಡವಿದ್ರೂ ಮಳೆಗೆ ಮುಂಚೆ ಕೆಂಪಾಗೋದಿಲ್ಲ" ಎಂದಳು. ಆಗ ಇಂದುಮತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ, "ಉಪ್ಪು ಹಾಕಿದ್ರೆ ಹೇಗೆ?" ಎಂದಳು. ಅಜ್ಜಿ ಕಿವಿ ಮುಚ್ಚಿಕೊಂಡಳು. ನಮ್ಮಲ್ಲಿ ಬಾನಿಗೆ ಉಪ್ಪು ಎಂದರೆ ಕೂಸಿನ ಹಾಲಿಗೆ ವಿಷ ಎಂದಷ್ಟೇ ಅರ್ಥ. ಇಂದುಮತಿ ಬಿಡಲಿಲ್ಲ. "ನಮ್ಮ ಬದಿ ಉಪ್ಪಿನ ಗದ್ದೆ ಉಂಟು ಅಕ್ಕ. ಬೇಸಿಗೆಯಲ್ಲಿ ನೀರು ಆರಿದ ಹಾಗೆ ಗದ್ದೆಗೆ ಗದ್ದೆಯೇ ಕೆಂಪಾಗ್ತದೆ. ಯಾರೂ ಉಪವಾಸ ಹಾಕುದಿಲ್ಲ, ಏನಿಲ್ಲ. ಅಲ್ಲೂ ನೀರಲ್ಲಿರುದು ಪಾಚಿಯೇ ಅಂತೆ. ಉಪ್ಪು ಹೆಚ್ಚಿದಷ್ಟೂ ಕೆಂಪು ಹೆಚ್ಚು." "ಅದೂ ಇದೂ ಒಂದೇ ಪಾಚಿಯಾ?" ಎಂದೆ. "ಗೊತ್ತಿಲ್ಲ ಅಕ್ಕ" ಎಂದಳು ಅವಳು, "ಅಕ್ಕನೋ ತಂಗಿಯೋ ಇರಬಹುದು. ದೂರದ ನೆಂಟ್ರೂ ಇರಬಹುದು."

ಸುಳ್ಳು ಹೇಳಿ ಧೈರ್ಯ ತುಂಬಿದ್ದರೆ ನಾನು ಒಪ್ಪುತ್ತಿದ್ದೆನೋ ಇಲ್ಲವೋ. ಗೊತ್ತಿಲ್ಲ ಎಂದದ್ದಕ್ಕೇ ಅವಳ ಮೇಲೆ ನಂಬಿಕೆ ಬಂತು. ಚಂದ್ರಯ್ಯನ ಕಡೆ ತಿರುಗಿದೆ. ಅವನು, "ನನ್ನ ಕೇಳ್ಬೇಡ, ನಾನು ಹೇಳಿದ್ದೆಲ್ಲ ಉಲ್ಟಾ ಆಗ್ತಿದೆ" ಎಂದ. ಮುಂದಿನ ವರ್ಷದ ಬೀಜಕ್ಕೆಂದು ಒಂದು ಚೊಂಬು ಹಸಿರು ನೀರು ತೆಗೆದಿಟ್ಟು, ಏಣಿ ಹತ್ತಿದೆವು. "ಎಷ್ಟು ಹಾಕೋದು? ಹುಳಿಗೆ ಹಾಕೋ ಅಷ್ಟಾ?" ಎಂದು ಕೇಳಿದೆ. "ಉಪ್ಪಿನಕಾಯಿಗೆ ಹಾಕುವಷ್ಟು" ಎಂದಳು. ಕಲ್ಲುಪ್ಪನ್ನು ಬೊಗಸೆಯಲ್ಲಿ ತುಂಬಿಕೊಂಡವಳು ನಾನೇ. ಕೈ ಬಾನಿಯ ಮೇಲೆ ಚಾಚಿ ನಿಂತೆ, ಬೆರಳು ಬಿಡಿಸಲಾಗಲಿಲ್ಲ. ಇದು ತಪ್ಪಿದರೆ ಅವನ ಕಣ್ಣನ್ನು ನನ್ನ ಕೈಯಾರೆ ಮುಚ್ಚಿದಂತೆ. ಇಂದುಮತಿ ತನ್ನ ಎರಡೂ ಕೈಯನ್ನು ನನ್ನ ಬೊಗಸೆಯ ಕೆಳಗೆ ಹಿಡಿದು, "ಇಬ್ಬರೂ ಹಾಕುವ ಅಕ್ಕ" ಎಂದಳು. ಉಪ್ಪು ಜಾರಿ ನೀರಿಗೆ ಬಿತ್ತು.

ಮರುದಿನ ನೋಡಿದರೆ ನೀರು ಅಕ್ಕಿ ತೊಳೆದ ಹಾಗೆ ಬೆಳ್ಳಗೆ, ತಳದಲ್ಲಿ ಒಂದಿಷ್ಟು ಬೂದುಬಣ್ಣದ ಗಸಿ. ಬಾನಿ ನೋಡಬಾರದೆಂಬ ಕಟ್ಟಳೆ ಅಷ್ಟರಲ್ಲಿ ಯಾರಿಗೂ ನೆನಪಿರಲಿಲ್ಲ. ಬೀದಿಯ ಹೆಂಗಸರೆಲ್ಲ ಏಣಿಗೆ ಸಾಲು ನಿಂತು ಹತ್ತಿ ನೋಡಿ, ಲೊಚಗುಟ್ಟಿ, ಇಳಿದು ಹೋದರು. ಇಂದುಮತಿ ಆ ದಿನ ಒಂದು ತುತ್ತೂ ಮುಟ್ಟಲಿಲ್ಲ. ಅವಳ ಇಲಿಗಳಿಗೂ ನುಚ್ಚು ಬೀಳಲಿಲ್ಲವಂತೆ. ಚಂದ್ರಯ್ಯನನ್ನು ಅಜ್ಜಿ ತನ್ನ ಜಗಲಿಯಲ್ಲಿ ಕೂರಿಸಿಕೊಂಡು ಕಾವಲು ಕಾಯುತ್ತಿದ್ದಳು. ಅವನ ಡಬ್ಬಿಯನ್ನು ನಾನು ಅಟ್ಟದ ಮೇಲೆ ಬಚ್ಚಿಟ್ಟಿದ್ದೆ. ಗಾಳಿ ನಿಂತು, ಬಿಸಿಲು ಚುರ್ರೆನ್ನುವಂತೆ ಕಾಯಿತು. ಮಳೆಗೆ ಮುಂಚಿನ ಬಿಸಿಲು ಹಾಗೆಯೇ.

ಸಂಜೆ ಬಟ್ಟೆ ತೆಗೆಯುವ ನೆಪದಲ್ಲಿ ನಮ್ಮ ಮಾಳಿಗೆ ಹತ್ತಿದವಳು ಗಿರಣಿಯ ಕಡೆ ತಿರುಗದೆ ಇರಲು ಹಟ ಮಾಡಿ ನಿಂತಿದ್ದೆ. ಆಗ ಆ ಕಡೆಯಿಂದ ಇಂದುಮತಿ ಕೂಗಿದಳು. ಏನು ಕೂಗಿದಳೆಂದು ತಿಳಿಯಲಿಲ್ಲ, ಅವಳ ಊರಿನ ಮಾತು ಬಾಯಿಗೆ ಬಂದುಬಿಟ್ಟಿತ್ತು. ಬಟ್ಟೆಯನ್ನು ಅಲ್ಲೇ ಬಿಸಾಡಿ ಓಡಿದೆ. ಬಾನಿಯ ತಳದ ಗಸಿ ಕಿತ್ತಳೆಯಾಗಿತ್ತು. ಅಂಚಿನಲ್ಲಿ, ಬಿಸಿಲು ನೇರ ಬೀಳುವ ಕಡೆ, ಕೆಂಪು. ಮಾರನೆಯ ಮಧ್ಯಾಹ್ನದ ಹೊತ್ತಿಗೆ ಪೂರ್ತಿ ಕೆಂಪು. ನಮ್ಮ ಬೀದಿಯಲ್ಲಿ ಅಂಥ ಕೆಂಪನ್ನು ಯಾರೂ ಕಂಡಿರಲಿಲ್ಲ, ದಾಸವಾಳವನ್ನು ಅರೆದು ಕಲಸಿದಂತಿತ್ತು. ಅಜ್ಜಿ ಬೆರಳದ್ದಿ ನಾಲಿಗೆಗೆ ಮುಟ್ಟಿಸಿ, "ಉಪ್ಪುಪ್ಪು" ಎಂದು ಮುಖ ಸಿಂಡರಿಸಿ, ಇನ್ನೊಮ್ಮೆ ಅದ್ದಿ ನೆಕ್ಕಿದಳು. ಬಾನಿಯನ್ನು ಒಬ್ಬರಲ್ಲ, ಐದಾರು ಜನ ಹಿಡಿದು ಇಳಿಸಿದೆವು. ಏಣಿಯ ಒಂದೊಂದು ಮೆಟ್ಟಿಲಿಗೂ ನಾನು ಹೋದ ವರ್ಷದ್ದನ್ನು ನೆನೆದೆ. ಬಾಗಿಲೊಳಗೆ ಇಟ್ಟು ತಿರುಗುವಾಗ ಅಂಗಳದಲ್ಲಿ ಮೊದಲ ಹನಿಗಳು ಬೀಳುತ್ತಿದ್ದವು.

ಆವತ್ತಿನಿಂದ ಬೆಳಗಿನ ಲೋಟಗಳ ವ್ಯವಹಾರ ಬದಲಾಯಿತು. ಅವನು ಕುಡಿಯುವವರೆಗೆ ನಾನು ಎದುರಿಗೇ ಕೂರುತ್ತಿದ್ದೆ. ಕುಡಿದ ಮೇಲೆ, "ಬಾಯಿ ತೆಗೀರಿ" ಎಂದು ಕೂಸಿಗೆ ಹೇಳುವಂತೆ ಹೇಳಿ ನೋಡುತ್ತಿದ್ದೆ. ಅವನು ಗೊಣಗುತ್ತ ಬಾಯಿ ತೆರೆಯುತ್ತಿದ್ದ. ಹೊರಗೆ ಮಳೆ ಹಿಡಿದುಕೊಂಡಿತ್ತು. ದಿನಗಳು ಹೋದವು. "ಏನಾದ್ರೂ ತಿಳಿಯಾಯ್ತಾ?" ಎಂದು ಕೇಳಲು ನನಗೆ ಭಯ, ಹೇಳಲು ಅವನಿಗೆ ಭಯ. ಇಬ್ಬರೂ ಮಳೆಯ ಬಗ್ಗೆ, ಹೆಸರುಬೇಳೆಯ ಬಗ್ಗೆ ಮಾತಾಡುತ್ತಿದ್ದೆವು.

ಮಳೆ ಬಿಟ್ಟ ಒಂದು ಬೆಳಿಗ್ಗೆ ಅವನು ಜಗಲಿಯಲ್ಲಿ ಸಾಣೆ ಹಾಕಿಕೊಂಡು ಅಜ್ಜಿಯ ಅಡಕತ್ತರಿಯನ್ನು ಹರಿತ ಮಾಡುತ್ತಿದ್ದ. ನಾನು ಬಾಗಿಲಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದೆ. ಸಾಣೆಯ ಸದ್ದು ನಿಂತಿತು. ತಲೆ ಎತ್ತಿದರೆ ಅವನು ನನ್ನನ್ನೇ ನೋಡುತ್ತಿದ್ದಾನೆ, ಹುಬ್ಬು ಗಂಟಿಕ್ಕಿ, ಯಾರೋ ಪರಿಚಯದವರನ್ನು ಗುರುತು ಹಿಡಿಯುವಂತೆ.

"ಏನ್ರೀ?"

"ಏನಿಲ್ಲ." ಅಡಕತ್ತರಿಯನ್ನು ಕೆಳಗಿಟ್ಟ. "ವನಜಾ, ನಿನ್ನ ತಲೆ ಯಾವಾಗ ಇಷ್ಟೊಂದು ಬೆಳ್ಳಗಾಯ್ತೇ?"

ಬೇರೆ ದಿನವಾಗಿದ್ದರೆ ಆ ಮಾತಿಗೆ ಅವನಿಗೆ ಮಧ್ಯಾಹ್ನದ ಊಟ ಸಿಗುತ್ತಿರಲಿಲ್ಲ. ಸೊಪ್ಪು ನನ್ನ ಮಡಿಲಿಂದ ಜಾರಿತು. ಬೆಳ್ಳಗೆ ಎಂದ. ಕಂದು ಎನ್ನಲಿಲ್ಲ. ನನಗೆ ನಗು ಬಂತು, ನಗುತ್ತ ನಗುತ್ತಲೇ ಕಣ್ಣಲ್ಲಿ ನೀರು ತುಂಬಿ, ಈಗ ಅವನ ಮುಖ ನನಗೇ ಸರಿಯಾಗಿ ಕಾಣದೆ ಹೋಯಿತು. ಬೀದಿಯಲ್ಲಿ ಜನ ಓಡಾಡುತ್ತಿದ್ದರು. ಯಾರಿದ್ದರೇನು ಎಂದು ತುರುಬಿನ ಪಿನ್ನು ಕಿತ್ತು ಕೂದಲನ್ನು ಪೂರ್ತಿ ಬಿಚ್ಚಿ, ಅವನ ಕಡೆ ಬೆನ್ನು ತಿರುಗಿಸಿ ಕೂತೆ.

"ಹಿಂದುಗಡೇನೂ ಬೆಳ್ಳಗಾಗಿದೆ ಕಣ್ರೀ," ಎಂದೆ, "ನೋಡಿ, ಚೆನ್ನಾಗಿ ನೋಡಿ."